ಕಿಟ್ಟಣ್ಣನ ಬ್ರೆಜಿಲ್ ಕಷಾಯ

ಬಿಜೂರಿನಲ್ಲಿ ಕುಡುಕರಿಲ್ಲ. ‘ಸ್ವಲ್ಪ ತಗೊಳ್ಳುವವರು’ ಇದ್ದಾರೆ, ‘ಮೈಕೈ ನೋವಿಗೆ ಮಾತ್ರ’ ಅನ್ನುವವರಿದ್ದಾರೆ, ಬೀಗರು ಬಂದಾಗ ಕಂಪನಿ ಕೊಡುವ ಸಂಕೋಚದವರಿದ್ದಾರೆ. ಇಷ್ಟು ಮರ್ಯಾದಸ್ಥರ ನಡುವೆ ಮದ್ಯದ ಬಗ್ಗೆ ಹಾಡಹಗಲೇ ದೊಡ್ಡ ಗಂಟಲಿನಲ್ಲಿ ಮಾತಾಡುವವರು ಕಿಟ್ಟಣ್ಣ ಒಬ್ಬರೇ. ಅವರು ಕುಡಿದದ್ದನ್ನು ನೋಡಿದವರು ಕಡಿಮೆ. ಅವರ ಭಾಷಣ ಕೇಳದವರು ಮಾತ್ರ ಇಲ್ಲವೇ ಇಲ್ಲ.

ಕಿಟ್ಟಣ್ಣ ಶೆಟ್ಟರು ನನ್ನ ನೆರೆಮನೆಯವರು. ನಮ್ಮಿಬ್ಬರ ನಡುವೆ ಒಂದು ಸಾಲು ತೆಂಗಿನ ಮರ ಇದೆ, ಆದರೆ ಅದು ಅವರ ಧ್ವನಿಯನ್ನು ತಡೆಯುವುದಿಲ್ಲ. ಹುಡುಗರಾಗಿದ್ದಾಗಲೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದರು. ಆಮೇಲೆ ಯಾರದೋ ಕೈಕಾಲು ಹಿಡಿದು ಸರಕಿನ ಹಡಗು ಹತ್ತಿದರು. ಅಲ್ಲಿ ಅವರ ಕೆಲಸ ಆಫೀಸರುಗಳಿಗೆ ಊಟ ಬಡಿಸುವುದು, ತಟ್ಟೆ ಎತ್ತುವುದು. ಊರಿನಲ್ಲಿ ಮಾತ್ರ ‘ಶಿಪ್ಪಿನಲ್ಲಿದ್ದಾರೆ’ ಅಂದರೆ ಶಿಪ್ಪು ಇವರ ಮಾತು ಕೇಳಿಯೇ ತಿರುಗುತ್ತದೆ ಅಂತ ಅರ್ಥ. ಕಿಟ್ಟಣ್ಣ ಆ ಅರ್ಥವನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಒಂದು ಸಲ ರಜೆಗೆ ಬರುವಾಗ ಬ್ರೆಜಿಲಿನ ಸಾಂಟೋಸ್ ಬಂದರಿನಿಂದ ಒಂದು ಬಾಟಲಿ ತಂದರು. ಒಳಗೆ ನೀರಿನ ಹಾಗೆ ತಿಳಿಯಾದ ಮದ್ಯ, ಹೊರಗೆ ಗಿಳಿಯ ಚಿತ್ರ, ಮುಚ್ಚಳದ ಮೇಲೆ ಕೆಂಪು ಕಾಗದದ ಪಟ್ಟಿ. ಹೆಸರು ಕಶಾಸಾ. ನಮ್ಮೂರಿನ ಕಿವಿಗೆ ಅದು ಕಷಾಯ ಅಂತ ಕೇಳಿಸಿತು. ಶುಂಠಿ ಹಾಕಿದ್ದಾರಾ, ಕಾಳುಮೆಣಸು ಎಷ್ಟು ಅಂತ ವಿಚಾರಿಸಿದವರೂ ಇದ್ದಾರೆ. “ಕಷಾಯ ಅಲ್ಲ ಮರ್ರೆ, ಕ-ಶಾ-ಸಾ!” ಅಂತ ಕಿಟ್ಟಣ್ಣ ಒಬ್ಬೊಬ್ಬರಿಗೂ ಅಕ್ಷರಾಭ್ಯಾಸ ಮಾಡಿಸಿದರು. ಪ್ರಯೋಜನವಾಗಲಿಲ್ಲ. ಬಾಟಲಿ ಶೋಕೇಸಿನಲ್ಲಿ, ಮಗಳು ದಿವ್ಯಾ ಶಾಲೆಯಲ್ಲಿ ಗೆದ್ದ ಕಪ್ಪಿಗೂ ಪ್ಲಾಸ್ಟಿಕ್ ತಾಜ್‌ಮಹಲಿಗೂ ನಡುವೆ ಕೂತಿತು.

ಹೆಸರಾದರೂ ಹೋಗಲಿ, ಕಿಟ್ಟಣ್ಣನ ನಿಜವಾದ ಜಗಳ ಬೇರೆಯೇ. ಅದು ರಮ್ ಅಲ್ಲ ಅಂತ ಊರು ಒಪ್ಪಬೇಕು. ಮನುಷ್ಯರು ಬಾಳಿನಲ್ಲಿ ಮನೆ ಕಟ್ಟಬೇಕು, ಪಂಚಾಯತಿಗೆ ನಿಲ್ಲಬೇಕು ಅಂತೆಲ್ಲ ಆಸೆ ಇಟ್ಟುಕೊಳ್ಳುತ್ತಾರೆ. ಇವರದು ಇದು.

“ಕಬ್ಬು ಅರೆದ್ರೆ ಬಪ್ಪುದ್ ಹಾಲ್. ಹೌದಾ?” ಅಂತ ಶುರು ಮಾಡುತ್ತಿದ್ದರು. ಎದುರಿದ್ದವರು ಹೌದು ಅನ್ನಲೇಬೇಕು, ಕಬ್ಬಿನ ರಸಕ್ಕೆ ನಮ್ಮಲ್ಲಿ ಹಾಲು ಅಂತಲೇ ಹೆಸರು. “ಆ ಹಾಲ್ ಕಾಸಿ ಸಕ್ರಿ ತೆಗ್ದ್ ಮೇಲೆ ಕಡಿಗ್ ಉಳುದ್ ಎಂತ? ಕಪ್ಪು ಕಾಕಂಬಿ. ಆ ಕಾಕಂಬಿ ಹುಳಿ ಬರ್ಸಿ ಭಟ್ಟಿ ಇಳ್ಸ್ರೆ ರಮ್. ಹಾಲನ್ನೇ ಸೀದಾ ಹುಳಿ ಬರ್ಸಿ ಇಳ್ಸ್ರೆ ಕಶಾಸಾ. ರಮ್ಮಿನಂಗೆ ಸುಟ್ಟ ಬೆಲ್ಲದ್ ವಾಸ್ನಿ ಅಲ್ಲ, ಹಸಿ ಕಬ್ಬಿನ್ ವಾಸ್ನಿ. ಅಲ್ಲಿಯವ್ರ್ ಅದ್ಕೆ ಲಿಂಬಿಹಣ್ಣ್, ಸಕ್ರಿ ಜಜ್ಜಿ ಹಾಕಿ, ಐಸ್ ಹಾಕಿ ಕುಡಿತ್ರ್.”

“ಹಾಂಗಾರೆ ಪಾನಕ,” ಅನ್ನುತ್ತಿದ್ದರು ಹೆಂಡತಿ ಜಲಜಕ್ಕ, ಅಕ್ಕಿ ಆರಿಸುತ್ತ.

ದಿನಸಿ ಅಂಗಡಿಯ ಸೂರಣ್ಣನದು ಇನ್ನೂ ಚುಟುಕು. “ಕಬ್ಬಿಂದ್ ಮಾಡಿದ್ದ್ ಹೌದಲ್ದಾ? ಹಾಂಗಾರೆ ರಮ್ಮೇ.” ಅಮೆರಿಕದಲ್ಲೂ ಬಹಳ ಕಾಲ ಆ ಬಾಟಲಿಗೆ ಬ್ರೆಜಿಲ್ ರಮ್ ಅಂತಲೇ ಚೀಟಿ ಅಂಟಿಸಬೇಕಿತ್ತಂತೆ, ಕೊನೆಗೆ ಅವರೂ ಸೋತು ಬೇರೆ ಹೆಸರು ಒಪ್ಪಿಕೊಂಡರಂತೆ. ಅಮೆರಿಕ ಒಪ್ಪಿತು, ಸೂರಣ್ಣ ಒಪ್ಪಲಿಲ್ಲ. ಅಮೆರಿಕಕ್ಕೆ ಸೂರಣ್ಣನಷ್ಟು ಧೈರ್ಯ ಎಲ್ಲಿಂದ ಬರಬೇಕು?

ಬಾಟಲಿ ತೆರೆದು ಒಂದು ಗುಟುಕು ಕುಡಿಸಿದ್ದರೆ ವ್ಯಾಜ್ಯ ಅವತ್ತೇ ಮುಗಿಯುತ್ತಿತ್ತು. ಆದರೆ ಕಿಟ್ಟಣ್ಣ ತೆರೆಯಲಿಲ್ಲ. ಮನೆಗೆ ಹೊಸ ಹಂಚಿನ ಮಾಡು ಹಾಕಿಸಿದಾಗ ಅಂದರು, ದಿವ್ಯಾಳ ಮದುವೆಗೆ ಅಂದರು, ಕೆಲಸದಿಂದ ಬಿಡುಗಡೆಯಾಗಿ ಬಂದ ಮೇಲೆ ಅಂದರು. ಸಾಕ್ಷಿಯನ್ನೇ ಕುಡಿದು ಖಾಲಿ ಮಾಡಿದರೆ ಆಮೇಲೆ ವಾದ ಮಾಡುವುದಕ್ಕೆ ಏನು ಉಳಿಯುತ್ತದೆ ಅನ್ನುವ ಭಯ ಅವರದು ಅಂತ ನನಗೆ ಅನುಮಾನ.

ಒಂದೇ ಒಂದು ವಿಷಯ ಎತ್ತಿದರೆ ಮಾತ್ರ ಈ ಮನುಷ್ಯ ಮಾತು ನಿಲ್ಲಿಸುತ್ತಿದ್ದರು. ಅದು ಅವರ ತಾಯಿ ನಾಗಮ್ಮನ ಸಾವು. ನಾಗಮ್ಮ ಬ್ರಹ್ಮಾವರದ ಕಡೆಯವರು. ತವರಿನಲ್ಲಿ ಆಗ ಕಬ್ಬಿನ ಗದ್ದೆ, ಬೆಲ್ಲ ಕಾಯಿಸುವ ಆಲೆಮನೆ ಎಲ್ಲ ಇತ್ತು. ಕೊನೆಗಾಲದಲ್ಲಿ ಮಂಡಿ ನೋವು ಹಿಡಿದು ಹಾಸಿಗೆಗೆ ಬಿದ್ದರು, ಒಂದು ಮಳೆಗಾಲ ಪೂರ್ತಿ ನರಳಿ ತೀರಿಕೊಂಡರು. ಮಗ ಆಗ ನಡುನೀರಿನಲ್ಲಿದ್ದರು. ಹಡಗು ದಡ ಮುಟ್ಟುವಷ್ಟರಲ್ಲಿ ಇಲ್ಲಿ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಆ ಹೆಂಗಸು ಬಾಯಿಗೆ ಒಂದು ಹನಿ ಮದ್ಯ ಸೋಕಿಸಿದವರಲ್ಲ. ಶೋಕೇಸಿನ ಬಾಟಲಿಯ ಎದುರು ಹೋಗುವಾಗ ಸೆರಗು ಮೂಗಿಗೆ ಹಿಡಿಯುತ್ತಿದ್ದರು, ಮುಚ್ಚಳ ತೆರೆಯದಿದ್ದರೂ.

ಈಗ ಕಿಟ್ಟಣ್ಣ ಊರಿನಲ್ಲೇ ಇದ್ದಾರೆ. ದಿವ್ಯಾಳನ್ನು ಕೋಟ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಬೀಗರು ಗಣಪ ಶೆಟ್ಟರು, ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು. ಹಿಮದ ಗಡಿಯಲ್ಲಿ ಕ್ಯಾಂಟೀನಿನ ರಮ್ ಕುಡಿದು ದೇಶ ಕಾದವರು. ಈಗ ಕೋಟದ ಮೇ ತಿಂಗಳ ಸೆಕೆಯಲ್ಲೂ ಬೆವರು ಒರೆಸಿಕೊಳ್ಳುತ್ತ “ಥಂಡಿಗೆ ಒಳ್ಳೇದ್” ಅಂತ ಅದನ್ನೇ ಕುಡಿಯುವವರು. ಅವರಿಗೆ ರಮ್ ಅಂದರೆ ಕಪ್ಪಗಿರಬೇಕು, ಗಂಟಲು ಸುಡಬೇಕು, ಮಿಲಿಟರಿ ಕೋಟಾದಲ್ಲಿ ಸಿಗಬೇಕು. ಉಳಿದದ್ದೆಲ್ಲ ಸಿವಿಲಿಯನ್ನರ ಚಟ.

ಇಂಥ ಇಬ್ಬರನ್ನು ಬೀಗರು ಮಾಡಿದ ಜೋಯಿಸರನ್ನು ಹುಡುಕಿ ಸನ್ಮಾನ ಮಾಡಬೇಕು.

ಹೋದ ಚಳಿಗಾಲದ ಒಂದು ಭಾನುವಾರ ಸುಬೇದಾರರು ಬಿಜೂರಿಗೆ ಊಟಕ್ಕೆ ಬಂದರು. ಕೋಳಿ ಸುಕ್ಕ, ರೊಟ್ಟಿ ಎಲ್ಲ ಆಯಿತು. ಸೂರಣ್ಣನೂ ನಾನೂ ಇದ್ದೆವು. ಚಾವಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಾಗ ಕಿಟ್ಟಣ್ಣ ಅಭ್ಯಾಸದಂತೆ ಹಾಲು, ಕಾಕಂಬಿ ಅಂತ ಶುರು ಮಾಡಿದರು. ಸುಬೇದಾರರು ತಯಾರಾಗಿಯೇ ಬಂದಿದ್ದರು. ಕನ್ನಡಕ ಏರಿಸಿ ಫೋನು ತೆಗೆದರು.

“ದೇಖೋ ಶೆಟ್ರೆ, ಇಲ್ಲಿ ಕಾಣಿ. ಮಾರ್ಟಿನಿಕ್ ಅಂದೇಳಿ ಒಂದ್ ದ್ವೀಪ ಇತ್ತಂಬ್ರ್. ಅಲ್ಲಿಯೂ ಕಬ್ಬಿನ್ ಹಾಲಿಂದೇ ಮಾಡ್ತ್ರಂಬ್ರ್. ಅದ್ಕೂ ಹೆಸ್ರ್ ರಮ್ಮೇ!”

ಕಿಟ್ಟಣ್ಣನ ಮುಖ ಸಪ್ಪಗಾಯಿತು. “ಅದ್ ಫ್ರೆಂಚರ ಮೋಸ,” ಅಂದರು. ಫ್ರೆಂಚರು ಯಾಕೆ ಬಿಜೂರಿನ ಮೇಲೆ ಹಗೆ ಸಾಧಿಸಬೇಕು ಅಂತ ಹೇಳಲಿಲ್ಲ.

“ಬಾಯ್ಮಾತ್ ಸಾಕ್. ಬಾಟ್ಲಿ ತೆಗಿನಿ,” ಅಂದರು ಸುಬೇದಾರರು. “ನಾನ್ ಕುಡ್ದ್ ಹೇಳ್ತೆ. ರಮ್ಮಾದ್ರೆ ರಮ್, ಅಲ್ಲದಿರೆ ಅಲ್ಲ. ಆದ್ರೆ ರಮ್ ಅಂದೇಳಿ ಆಯ್ತೋ, ಇನ್ನ್ ಮುಂದೆ ಈ ಸುದ್ದಿ ಬಂದ್.”

ಸೂರಣ್ಣ ಕುರ್ಚಿಯನ್ನು ಮುಂದೆ ಎಳೆದುಕೊಂಡ. ಕಿಟ್ಟಣ್ಣ ಶೋಕೇಸು ನೋಡಿದರು, ಬೀಗರನ್ನು ನೋಡಿದರು. ಲೋಕವೆಲ್ಲ ಸುತ್ತಿ ಬಂದು ಅವರು ಊರಿಗೆ ಹೇಳಿದ ಸಂಗತಿ ಇದೊಂದೇ. ಇದೂ ಸುಳ್ಳಾದರೆ ಅವರು ಬರೀ ತಟ್ಟೆ ಎತ್ತಿ ಬಂದವರಾಗುತ್ತಾರೆ, ಅದೂ ಮಗಳನ್ನು ಕೊಟ್ಟ ಮನೆಯವರ ಎದುರು. ಅವರು ಎದ್ದರು.

ಅಷ್ಟರಲ್ಲಿ ಜಲಜಕ್ಕ ಒಳಗಿನಿಂದ ಓಡಿಬಂದರು. “ಹ್ವಾಯ್, ಅದೆಂತಕ್ ಈಗ? ಮಜ್ಜಿಗಿ ಕೊಡ್ತೆ. ಇವತ್ತ್ ಸೋಮವಾರ ಅಲ್ದಾ?”

“ಆದಿತ್ಯವಾರ.”

“ಏಕಾದಶಿ ಇತ್ತ್ ಕಾಣಿ.”

“ಏಕಾದಶಿ ದಿನ ನೀ ಕೋಳಿ ಸುಕ್ಕ ಮಾಡಿದ್ಯಾ?” ಅಂದರು ಕಿಟ್ಟಣ್ಣ. ಜಲಜಕ್ಕನಿಗೆ ಬೇರೆ ತಿಥಿ ಹೊಳೆಯಲಿಲ್ಲ. ಬಾಗಿಲಿಗೆ ಒರಗಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತರು.

ಕೆಂಪು ಪಟ್ಟಿ ಉಗುರು ತಾಗಿದ ಕೂಡಲೇ ಸಲೀಸಾಗಿ ಕಳಚಿತು. ಅದರ ಅಡಿಯಲ್ಲಿ ಒಣಗಿದ ಅನ್ನದ ಅಗುಳಿನಂಥದ್ದು ಕಂಡಿತು. “ಹಳೇದಾಯ್ತಲೆ, ಅಂಟ್ ಹೋಯ್ತ್,” ಅಂದರು ಕಿಟ್ಟಣ್ಣ. ಸ್ಟೀಲಿನ ಸಣ್ಣ ಲೋಟಗಳಿಗೆ ತೀರ್ಥದ ಹಾಗೆ ಚೂರು ಚೂರೇ ಬಗ್ಗಿಸಿದರು. ಮೊದಲ ಗುಟುಕು ತಾವೇ ಕುಡಿದರು. ಕುಡಿದವರು ಹಾಗೇ ನಿಂತುಬಿಟ್ಟರು, ನುಂಗುವುದೋ ಬೇಡವೋ ಅನ್ನುವ ಹಾಗೆ.

ನಾನೂ ಕುಡಿದೆ. ನೀರು. ಶುದ್ಧ ನೀರು. ಶುದ್ಧ ಅನ್ನುವ ಹಾಗೂ ಇಲ್ಲ, ಕಿಟ್ಟಣ್ಣನ ಬಾವಿಯ ನೀರಿಗೆ ತುಕ್ಕಿನ ಒಗರು ಇದೆ, ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿದಾಗೆಲ್ಲ ನಾವು ಸೇದಿ ಕುಡಿದ ನೀರು ಅದೇ. ನಾನು ಬಾಯಿ ತೆರೆಯಬೇಕಿತ್ತು. ಆದರೆ ಸುಬೇದಾರರು ಏನು ಹೇಳುತ್ತಾರೋ ನೋಡೋಣ ಅಂತ ಸುಮ್ಮನಾದೆ.

ಸುಬೇದಾರರು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ತಲೆ ಎತ್ತಿ ಮಾಡಿನ ಹಂಚು ನೋಡಿದರು. ಕ್ಯಾಂಟೀನ್ ಕಂಡ ನಾಲಿಗೆಗೆ ಏನೂ ತಿಳಿಯಲಿಲ್ಲ ಅಂತ ಹೇಳುವುದು ಹೇಗೆ?

“ಬಾರೀ ನೈಸ್ ಇತ್ತ್,” ಅಂದರು ಕೊನೆಗೆ. “ಗಂಟ್ಲಲ್ಲಿ ಇಳ್ದದ್ದೇ ಗೊತ್ತಾತಿಲ್ಲೆ. ಶೆಟ್ರೆ, ನಾನ್ ಸೋತೆ. ಇದ್ ರಮ್ ಅಲ್ಲ.”

“ಖಂಡಿತ ರಮ್ ಅಲ್ಲ!” ಅಂದ ಸೂರಣ್ಣ. “ಹಸಿ ಕಬ್ಬಿನ್ ವಾಸ್ನಿ ಹೊಡಿತ್ ಮಾರಾಯ್ರೆ. ತಲಿಗ್ ಹತ್ತ್‌ತಾ ಇತ್ತ್.” ನಿಜವಾಗಿಯೂ ಕಂಬ ಹಿಡಿದುಕೊಂಡು ಎದ್ದ.

ಅಂತೂ ಬಿಜೂರು ಒಪ್ಪಿತು. ಇಷ್ಟು ವರ್ಷದ ಹೋರಾಟದಲ್ಲಿ ಕಿಟ್ಟಣ್ಣ ಗೆದ್ದರು, ಮತ್ತು ಅವತ್ತು ಎಲ್ಲರೂ ಹೇಳಿದ್ದು ನೂರಕ್ಕೆ ನೂರು ನಿಜ. ಅದು ರಮ್ ಅಲ್ಲವೇ ಅಲ್ಲ.

ಕಿಟ್ಟಣ್ಣ ಬಾಗಿಲ ಕಡೆ ನೋಡಿದರು. ಜಲಜಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಮಾತು ಸಾಕಿತ್ತು, ಆ ಹೆಂಗಸಿನ ಮಾನ ಬೀಗರ ಎದುರು ಹರಾಜಾಗಲು. ಕಿಟ್ಟಣ್ಣ ಲೋಟ ಎತ್ತಿ ಉಳಿದದ್ದನ್ನೂ ಕುಡಿದು, “ಕಂಡ್ರಾ? ಹಾಲಿಂದ್ ಮಾಡಿದ್ದ್ ಹಾಂಗೇ. ಮೊದ್ಲ್ ಏನೂ ಗೊತ್ತಾತಿಲ್ಲೆ,” ಅಂತ ಭಾಷಣ ಮುಂದುವರಿಸಿದರು. ಅವರ ಭಾಷಣಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಬೀಗರ ಕಾರು ಹೋಯಿತು, ಸೂರಣ್ಣ ತೂರಾಡುತ್ತ ಹೋದ. ನಾನು ಕುರ್ಚಿ ಎತ್ತಿಡುತ್ತಿದ್ದೆ. ಕಿಟ್ಟಣ್ಣ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಯಾರ್ ಕುಡದ್ರ್?” ಅಂತ ಕೇಳಿದರು. ಸಿಟ್ಟಿತ್ತು, ಆದರೆ ಮೆಲ್ಲಗೇ ಕೇಳಿದರು.

“ಯಾರೂ ಕುಡೀಲಿಲ್ಲೆ. ಅತ್ತಿ ಕಾಲಿಗ್ ಹೋಯ್ತ್,” ಅಂದರು ಜಲಜಕ್ಕ.

ಕಿಟ್ಟಣ್ಣ ತಲೆ ಎತ್ತಿದರು.

“ಆ ಮಳಿಗಾಲ ನಿಮ್ಮ್ ಅಮ್ಮಂಗೆ ಮಂಡಿ ಬಾತ್ ನಿದ್ರಿ ಇರ್ಲಿಲ್ಲೆ. ಕುಂದಾಪ್ರದ ಮುಲಾಮ್ ಎಲ್ಲ ಆಯ್ತ್. ಸಾರಾಯಿಗ್ ಕರ್ಪೂರ ಹಾಕಿ ತಿಕ್ಕ್ರೆ ಗುಣ ಆತ್ತ್ ಅಂದೇಳಿ ಯಾರೋ ಹೇಳ್ರ್. ಗಂಡ್ಸಿಲ್ಲದ್ ಮನಿ, ನಾನ್ ಎಲ್ಲಿಗ್ ಹೋಯಿ ಸಾರಾಯಿ ತಕಂಡ್ ಬಪ್ಪುದ್? ಇದ್ನ ತೆಗ್ದೆ. ಮೊದ್ಲ್ ಕರ್ಪೂರ ಇಲ್ದೇ ಕೈಯಲ್ ಹಾಕಿ ತಿಕ್ಕ್‌ತಿದ್ದೆ. ಅತ್ತಿ ನನ್ ಕೈ ಹಿಡ್ಕಂಡ್ರ್. ‘ಜಲಜ, ಇದೆಂತ, ನನ್ ಅಪ್ಪಯ್ಯನ್ ಆಲೆಮನಿ ವಾಸ್ನಿ ಬತ್ತ್? ಈಗ್ ಹಿಂಡಿದ್ ಕಬ್ಬಿನ್ ಹಾಲಿನ್ ವಾಸ್ನಿ!’ ಅಂದ್ರ್. ಮತ್ತೆ ಕರ್ಪೂರ ಹಾಕುಕೇ ಬಿಡ್ಲಿಲ್ಲೆ. ವಾಸ್ನಿ ಹೋತ್ತ್ ಅಂದ್ರ್.”

ಕಿಟ್ಟಣ್ಣ ಬಾಟಲಿಯ ಮೇಲಿನ ಗಿಳಿಯನ್ನು ಹೆಬ್ಬೆರಳಿನಿಂದ ಸವರಿದರು.

“ದಿನಾ ಅದೇ ಬೇಕಾಯ್ತ್ ಅವ್ರಿಗೆ. ನೋವಿಗೋ ವಾಸ್ನಿಗೋ ನಂಗ್ ಗೊತ್ತಿಲ್ಲೆ. ಕಿಟ್ಟ ಎಲ್ಲಿಂದ್ ತಂದದ್ದ್ ಅಂದೇಳಿ ಕೇಂಡ್ರ್. ಬ್ರೆಜಿಲ್ ಅಂದೆ. ‘ಹಾಂಗಾರೆ ಬ್ರಹ್ಮಾವರದಂಗೇ ಇಪ್ಪು ಊರ್. ಮಗ ಒಳ್ಳೆ ಊರಲ್ಲೇ ಇದ್ದ, ನಂಗ್ ಚಿಂತಿ ಇಲ್ಲೆ,’ ಅಂದ್ರ್. ಖಾಲಿ ಆದ್ ಮೇಲೆ ನೀರ್ ತುಂಬ್ಸಿ, ಅನ್ನದಲ್ಲ್ ಪಟ್ಟಿ ಅಂಟ್ಸಿ ಇಟ್ಟೆ. ಹೇಳುಕೆ ಹೆದ್ರಿಕಿ ಆಯ್ತ್.”

ಊರಿಗೆ ಊರೇ ನಂಬದ ಮಾತನ್ನು ಒಬ್ಬರು ಅವತ್ತೇ ನಂಬಿದ್ದರು, ನಾಲಿಗೆಗೆ ಸೋಕಿಸದೆಯೇ. ಆಗ ಇವರು ಎಲ್ಲೋ ಸಮುದ್ರದ ನಡುವೆ ಆಫೀಸರುಗಳ ತಟ್ಟೆ ಎತ್ತುತ್ತಿದ್ದರು. ಕಿಟ್ಟಣ್ಣ ಬಾಟಲಿಯ ಬಾಯಿಗೆ ಮೂಗು ಇಟ್ಟು ಉಸಿರೆಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಜಲಜಕ್ಕ ಹತ್ತಿರ ಕೂತು ಬೆನ್ನು ಸವರಿದರು. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಗಿ, ಉಳಿದ ಕುರ್ಚಿಗಳನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಸೂರಣ್ಣನ ಅಂಗಡಿ ಎದುರು ಕಿಟ್ಟಣ್ಣ ಸಿಕ್ಕಿದರು. ಸೂರಣ್ಣ ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದ.

“ಹ್ವಾಯ್ ಕಿಟ್ಟಣ್ಣ, ಎಲ್ಲರಿಗೂ ಹೇಳಿದೆ ಮರ್ರೆ, ಅದ್ ರಮ್ ಅಲ್ಲ ಅಂದೇಳಿ! ಅದ್ರ್ ಹೆಸ್ರ್ ಎಂತ, ಸಮಾ ಹೇಳಿ ಕಾಂಬ, ಇವತ್ತ್ ಕಲಿತೆ.”

ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಕಿಟ್ಟಣ್ಣನಿಗೆ ಸಿಗುವ ಹಾಗಿರಲಿಲ್ಲ.

“ಕಷಾಯ,” ಅಂದರು. “ಕಾಲ್ ನೋವಿಗೆ ಒಳ್ಳೇದ್.”