ಮಾನಪತ್ರಕ್ಕೆ ಬಂದ ಅರ್ಧವಿರಾಮ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ನಿವೃತ್ತರಾಗುವಾಗ ಮಾನಪತ್ರ ಬರೆದು ವೇದಿಕೆಯಲ್ಲಿ ಓದುವ ಕೆಲಸ ನನ್ನ ಕೊರಳಿಗೆ ಬಿತ್ತು. ಕನ್ನಡ ಮಾಸ್ತರ ಎಂಬುದೊಂದೇ ಅರ್ಹತೆ. ಹೊಗಳಿಕೆ ಹೆಚ್ಚಾದರೆ ಊರು ನಗುತ್ತದೆ. ಕಡಿಮೆಯಾದರೆ ಅವರಿಗೆ ನೋವಾಗುತ್ತದೆ. ಈ ಹೆದರಿಕೆಗೆ ಪ್ರತಿ ಮಾತಿನ ಪಕ್ಕ ಅಡ್ಡಗೆರೆ ಎಳೆದು, ಅದರಾಚೆ ಒಂದು ಜಾಮೀನು ನಿಲ್ಲಿಸಿದೆ. 'ಮಕ್ಕಳನ್ನು ಪ್ರೀತಿಸಿದರು — ಕೆಲವೊಮ್ಮೆ ಗದರಿದರೂ — ಶಿಸ್ತು ಕಲಿಸಿದರು — ಎಲ್ಲರಿಗೂ ಹಿಡಿಸದಿದ್ದರೂ.' ಹನ್ನೊಂದು ಸಾಲಿಗೆ ಹದಿನಾಲ್ಕು ಗೆರೆ.

ಆಳಂದದ ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟ ಹೆಣ್ಣುಮಗಳೊಬ್ಬಳಿದ್ದಾಳೆ. ಯಾವ ಹಾಳೆ ಕೊಟ್ಟರೂ ಮೊದಲು ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ಟೈಪು. ನನ್ನದರ ಮೂರನೆಯ ಸಾಲಿಗೇ ನಿಂತಳು.

"ಸರ್, ಇದು ಮಾನಪತ್ರ ಏನ್ರಿ, ಮಾಫಿ ಅರ್ಜಿ ಏನ್ರಿ?"

"ಯಾಕವ್ವ?"

"ಒಂದ್ ಮಾತು ಹೇಳ್ತೀರಿ, ಗೆರಿ ಎಳೀತೀರಿ, ಹಿಂದ ಸರೀತೀರಿ. ಈ ಬಾಯಾರು ಯಡ್ರಾಮಿ ಸಾಲ್ಯಾಗ ನನಗ ಕಲಿಸ್ಯಾರ್ರಿ. ಬೈತಿದ್ರು, ಖರೇ. ನಮ್ಮಪ್ಪ ಸಾಲಿ ಬಿಡಸಾಕ ಬಂದಾಗ ಬಾಗಲದಾಗ ಅಡ್ಡ ನಿಂತವರೂ ಅವರೇ. ಎರಡೂ ಸಮ ಅದಾವ. 'ಆದರೂ' ಯಾಕ ಬೇಕ್ರಿ?"

ನನ್ನ ಒಪ್ಪಿಗೆಗೆ ಕಾಯದೆ ಆಕೆ ಟೈಪು ಹೊಡೆದಳು: 'ಅವರು ಬೈಯುತ್ತಿದ್ದರು; ನಮಗಾಗಿ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದರು.'

ಅರ್ಧವಿರಾಮವನ್ನು ಎಷ್ಟೋ ವರ್ಷಗಳಿಂದ ಒಂಬತ್ತನೆಯ ತರಗತಿಗೆ ಕಲಿಸುತ್ತಿದ್ದೇನೆ. ಎರಡು ಸತ್ಯಗಳು ಒಂದನ್ನೊಂದು ಕ್ಷಮೆ ಕೇಳದೆ ಅಕ್ಕಪಕ್ಕ ಕೂರಬಲ್ಲವು ಎಂಬುದನ್ನು ಕಂಡದ್ದು ಮಾತ್ರ ಆಕೆಯ ಪರದೆಯ ಮೇಲೆ. ಹದಿನಾಲ್ಕು ಗೆರೆಗಳನ್ನೂ ಅಳಿಸಿ, ಕೊನೆಗೆ ತನ್ನದೇ ಒಂದನ್ನು ಎಳೆದಳು: 'ಶಾಲೆ ಬಿಟ್ಟ ಹುಡುಗಿಯರ ಮನೆಗೆ ಅವರು ಚೀಟಿ ಕಳಿಸಲಿಲ್ಲ — ತಾವೇ ಹೋದರು.'

"ಇಲ್ಲಿ ಇರ್ಲಿ ಸರ್. ಕೇಳೋರು ಉಸರು ಹಿಡಕೊಂಡು ಕುಂದ್ರಬೇಕು."

ಮಾನಪತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು, ನಮ್ಮ ಶಾಲೆಯ ಊರು ಕಡಗಂಚಿವರೆಗೆ ಬಸ್ಸಿನಲ್ಲಿ ನಾನೂ ಉಸಿರು ಹಿಡಿದೇ ಕೂತಿದ್ದೆ. ಮಾನಪತ್ರದಲ್ಲಿ 'ಬೈಯುತ್ತಿದ್ದರು' ಎಂದು ಯಾರಾದರೂ ಬರೆಯುತ್ತಾರೆಯೇ? ಚೌಕಟ್ಟಿನ ಗಾಜು ಅಡ್ಡ ಇರದಿದ್ದರೆ ಪೆನ್ನಿನಿಂದ ಹೊಡೆದುಹಾಕುತ್ತಿದ್ದೆ.

ಸಮಾರಂಭದ ದಿನ 'ಅವರು ಬೈಯುತ್ತಿದ್ದರು' ಎಂದು ಓದಿ, ಅರ್ಧವಿರಾಮಕ್ಕೆ ನಿಂತೆ. ನಿಲ್ಲಬೇಕಾದ್ದಕ್ಕಿಂತ ಹೆಚ್ಚೇ ನಿಂತೆನೇನೋ.

"ಇನ್ನೂ ಬೈತೇನಿ," ಎಂದರು ಮುಖ್ಯೋಪಾಧ್ಯಾಯಿನಿ, ಕುರ್ಚಿಯಿಂದಲೇ. "ಮುಂದ ಓದ್ರಿ ಮಾಸ್ತರ."

ಸಭೆ ಗೊಳ್ಳೆಂದಿತು. ನಗು ಇಳಿಯುವ ಹೊತ್ತಿಗೆ ಬಾಗಿಲಿನ ಮಾತು ಓದಿದೆ. ಅವರು ಕನ್ನಡಕ ತೆಗೆದರು.

ಶಾಲು, ಹಣ್ಣು, ಹಾರ ಎಲ್ಲ ಪಕ್ಕದ ಮೇಜಿಗೆ ಹೋದವು. ಮಾನಪತ್ರ ಮಾತ್ರ ಅವರ ತೊಡೆಯ ಮೇಲೇ ಉಳಿಯಿತು. ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ: "ಆ ಸಾಲು ನಾ ಬರದದ್ದಲ್ಲರಿ ಬಾಯಾರ."

"ಗೊತ್ತದ. ನಿಮಗ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಯಾರು ಬರದಾರೋ ಅವರ ನಂಬರ್ ಕೊಡ್ರಿ."

ಕೊಟ್ಟೆ, ಅಂಕಿ ತಪ್ಪಿತೇನೋ ಎಂದು ಮತ್ತೆರಡು ಸಲ ಹೇಳಿದೆ. ಅಷ್ಟರಲ್ಲಿ ಅವರು ಫೋನು ಕಿವಿಗೆ ಹಿಡಿದು, ನನಗೆ ಸುಮ್ಮನಿರಲು ಕೈ ಮಾಡಿದ್ದರು.