ಅಯ್ಯನವರ ಮನೆಯವಳು

ನನ್ನ ಗಂಡ ಮೆಥೋಡಿಸ್ಟ್ ಸಭೆಯ ಪಾದ್ರಿ. ಚಳ್ಳಕೆರೆ ಪೇಟೆಯ ಸಾಬರು ಅವರನ್ನು ಪಾದ್ರಿ ಸಾಬ್ ಅನ್ನುತ್ತಿದ್ದರು, ಮೊಳಕಾಲ್ಮೂರು ಕಡೆಯ ತೆಲುಗಿನವರು ಅಯ್ಯಗಾರು ಅನ್ನುತ್ತಿದ್ದರು, ಉಳಿದವರಿಗೆಲ್ಲ ಅವರು ಅಯ್ನೋರು. ನನಗೆ ಬರೀ ‘ರೀ’. ಒಂದೇ ಅಕ್ಷರದಲ್ಲಿ ಸಂಸಾರ ಮಾಡಿ ಮುಗಿಸಿದವಳು ನಾನು.

ಅವರು ತೀರಿಕೊಂಡ ಮೇಲೆ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತುವುದೂ ಇಲ್ಲ, ಸರಿಯಾಗಿ ಬಿಡುವುದೂ ಇಲ್ಲ. ಎಣ್ಣೆ ಮಿಲ್ಲಿನ ಕಡೆಯಿಂದ ಶೇಂಗಾ ವಾಸನೆ ಬರುತ್ತಿರುತ್ತದೆ. ಹಿಂದಿನ ಓಣಿಯ ಗ್ಯಾರೇಜಿನಲ್ಲಿ ಯಾರೋ ಗಾಡಿಯೊಂದನ್ನು ಚಾಲೂ ಮಾಡುತ್ತಾರೆ. ಆ ಸದ್ದಿನ ಬೆನ್ನು ಹತ್ತಿ ಹೋಗುತ್ತ ಹೋಗುತ್ತ ನಾನು ಊರಾಚೆಯ ಹುಲ್ಲುಗಾವಲು, ವರವು ಕಾವಲಿನ ಹುಲ್ಲಿನೊಳಗೆ ಬಂದುಬಿಟ್ಟಿರುತ್ತೇನೆ. ಮದುವೆಯಾದ ಹೊಸದರಲ್ಲಿ ಅವರ ಮೊಪೆಡ್ಡಿನ ಹಿಂದೆ ಕೂತು ಆ ದಾರಿಯಲ್ಲಿ ಹೋಗಿದ್ದೆ. ಗಾಳಿ ಬೀಸಿದರೆ ಹುಲ್ಲಿನ ಜೊತೆ ನೆಲವೂ ಎದ್ದು ನಡೆದಂತೆ ಕಾಣುತ್ತಿತ್ತು. ಅವರು ಏನೋ ಹೇಳುತ್ತಿದ್ದರು, ಮಾತೆಲ್ಲ ಗಾಳಿಯ ಪಾಲಾಗಿ ನನಗೆ ಒಂದೂ ಕೇಳಿಸಲಿಲ್ಲ, ಆದರೂ ಹೂಂ ಹೂಂ ಅನ್ನುತ್ತಿದ್ದೆ. ಈಗ ಅಲ್ಲಿ ಸರ್ಕಾರದವರ ಬೇಲಿ ಬಂದಿದೆ, ಗೇಟು ಬಂದಿದೆ. ನನ್ನ ಅರೆನಿದ್ದೆಯಲ್ಲಿ ಬೇಲಿ ಇನ್ನೂ ಬಂದಿಲ್ಲ.

ಭಾನುವಾರ ಬಂತೆಂದರೆ ಅವರು ಒಂದು ಊರಿನ ಮನುಷ್ಯ ಅಲ್ಲ. ಬೆಳಿಗ್ಗೆ ಚಳ್ಳಕೆರೆ, ಮಧ್ಯಾಹ್ನ ತಳಕಿನ ಆಚೆಯ ಹಟ್ಟಿ, ಸಂಜೆ ಆಂಧ್ರದ ಗಡಿ. ದೊಡ್ಡ ಚರ್ಚುಗಳೇನಲ್ಲ. ತಗಡಿನ ಸೂರು, ಒಂದು ಮೇಜು, ಹಾಸಿದ ಜಮಖಾನ. ವಾರವೆಲ್ಲ ಕೂಲಿ ಮಾಡಿ ದಣಿದವರು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಕೂರುತ್ತಿದ್ದರು. ಗಡಿಯ ಸಭೆಯಲ್ಲಿ ಇವರ ಪ್ರಸಂಗ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಎಲ್ಲಿ ದಾಟಿದರು ಅನ್ನುವುದು ಅವರಿಗೂ ಗೊತ್ತಾಗುತ್ತಿರಲಿಲ್ಲ, ಕೇಳುವವರಿಗೂ ಗೊತ್ತಾಗುತ್ತಿರಲಿಲ್ಲ.

ಹೋದ ಕಡೆಯಲ್ಲೆಲ್ಲ ಉಣ್ಣಲೇಬೇಕು. ಅಯ್ನೋರು ಉಣ್ಣದೆ ಎದ್ದು ಹೋದರೆ ಆ ಮನೆಯವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹೀಗಾಗಿ ಒಂದು ಮನೆಯಲ್ಲಿ ಮುದ್ದೆ, ಇನ್ನೊಂದರಲ್ಲಿ ಸಜ್ಜೆ ರೊಟ್ಟಿ, ಮತ್ತೊಂದರಲ್ಲಿ ಚಿತ್ರಾನ್ನ. ಇಲ್ಲಿ ನಾನು ಹುರುಳಿ ಸಾರು ಮಾಡಿಕೊಂಡು, ಗಂಡ ಉಣ್ಣದೆ ಉಣ್ಣಬಾರದು ಅಂತ ನನ್ನ ಅವ್ವ ತಲೆಗೆ ತುಂಬಿದ್ದನ್ನು ನಂಬಿಕೊಂಡು, ಹಸಿದುಕೊಂಡು ಕೂತಿರುತ್ತಿದ್ದೆ. ಬಂದವರು ಚಪ್ಪಲಿ ಬಿಡುತ್ತಲೇ “ನಂದು ಊಟ ಆತು ಕಣೇ, ನೀನು ಉಣ್ಣು” ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಊರವರ ಕಷ್ಟವೆಲ್ಲ ಕಣ್ಣಿಗೆ ಬೀಳುವ ಈ ಮನುಷ್ಯನಿಗೆ ನಾನೊಬ್ಬಳು ಕಾಣುವುದೇ ಇಲ್ಲವಲ್ಲ ಅಂತ ಬೈದುಕೊಂಡೇ ಉಣ್ಣುತ್ತಿದ್ದೆ.

ಸ್ವಂತ ಮನೆ ಅಂತ ನಮಗೆ ಇರಲೇ ಇಲ್ಲ. ಸಭೆಯವರು ಕೊಟ್ಟ ಮನೆಗಳು. ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತಿತ್ತು, ಪಾತ್ರೆ ಪಗಡ ಕಟ್ಟಿಕೊಂಡು ಹೊರಡುತ್ತಿದ್ದೆವು. ಮನೆಯೇ ಇಲ್ಲದವರ ಮನೆಯವಳು ನಾನು ಅಂತ ಅವರನ್ನು ಕೆಣಕುತ್ತಿದ್ದೆ. ನಿವೃತ್ತರಾದ ಮೇಲೆ ಚಳ್ಳಕೆರೆಯಲ್ಲೇ ಬಾಡಿಗೆ ಮನೆ ಹಿಡಿದು ಉಳಿದೆವು.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುವುದು. ಆಮೇಲೆ ದಿನಗಳು. ಬರಬರುತ್ತ ಅವರ ತಲೆಯೊಳಗೆ ದೂರದೂರದ ಊರುಗಳೇ ಒಂದರ ಪಕ್ಕ ಒಂದು ಬಂದು ಕೂತವು. ತಳಕು ದಾಟಿದರೆ ಜಟಿಂಗ ರಾಮೇಶ್ವರದ ಗುಡ್ಡ, ಅದರ ಬುಡದಲ್ಲೇ ನಮ್ಮ ಹಳೆಯ ಮನೆ. ಯಾವಾಗಲೋ ಮಣ್ಣು ಸೇರಿದವರೆಲ್ಲ ಈ ವಾರ ಆರಾಧನೆಗೆ ಬಂದಿದ್ದರು ಅನ್ನುತ್ತಿದ್ದರು, ಯಾರು ಯಾವ ಸೀರೆ ಉಟ್ಟಿದ್ದರು ಅನ್ನುವುದನ್ನೂ ಹೇಳುತ್ತಿದ್ದರು. ಕೇಳುತ್ತಾ ಕೂತರೆ ನನಗೂ ಅದೆಲ್ಲ ನಿಜ ಅನ್ನಿಸಿ, ಆ ಸತ್ತವರ ಮಕ್ಕಳ ಯೋಗಕ್ಷೇಮ ವಿಚಾರಿಸಿಬಿಡುತ್ತಿದ್ದೆ.

ಒಂದು ದಿನ ಊಟ ಮಾಡಿ ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದರು.

“ತಾಯೀ, ತಾವು ಯಾರು ಗೊತ್ತಾಗ್ಲಿಲ್ಲ.”

 ನನ್ನ ಬಾಯಿ ನೆಟ್ಟಗೆ ಎಲ್ಲಿದೆ? “ಯಾರಾ? ಮನೆಯವಳು ಕಣ್ರೀ!” ಅಂದೆ.

ಅವರು ಗಡಬಡಿಸಿ ಎದ್ದು ಕೈ ಮುಗಿದರು. “ತಪ್ಪು ತಿಳ್ಕಾಬ್ಯಾಡ್ರಿ ತಾಯೀ. ಊಟ ಭಾಳ ಚೆನ್ನಾಗಿತ್ತು. ಸಾರು ಇಷ್ಟು ರುಚಿ ನಾನು ಎಲ್ಲೂ ಉಂಡಿಲ್ಲ.”

ನಮ್ಮ ಮಾತಿನಲ್ಲಿ ಮನೆಯವಳು ಅಂದರೆ ಹೆಂಡತಿ. ಉಂಡ ಮನೆಯ ಹೆಂಗಸೂ ಮನೆಯವಳೇ. ಜನ್ಮವೆಲ್ಲ ಪರರ ಮನೆಯಲ್ಲಿ ಉಂಡ ಮನುಷ್ಯ ಎರಡನೆಯದನ್ನೇ ಹಿಡಿದುಕೊಂಡರು. ಬಿಡಿಸಿ ಹೇಳೋಣ ಅಂದರೆ ಆ ಇನ್ನೊಂದು ಪದ ಗಂಡನ ಎದುರು ನನ್ನ ನಾಲಿಗೆಗೆ ಬರುವುದಿಲ್ಲ. ಮಾರನೆಯ ದಿನ ನಾಚಿಕೆ ಬಿಟ್ಟು ಹೇಳಿಯೂಬಿಟ್ಟೆ: “ರೀ, ನಾನು ನಿಮ್ಮ ಹೆಂಡ್ತಿ.” ಅವರು ಹೆದರಿ ಬಾಗಿಲ ಕಡೆ ನೋಡಿದರು. “ಹಂಗೆಲ್ಲ ಅನ್ಬಾರ್ದು ತಾಯೀ. ನಂಗೆ ಮದುವೆ ಆಗೈತೆ” ಅಂದರು. ಅಡುಗೆಮನೆಗೆ ಹೋಗಿ ಮೊದಲು ನಕ್ಕೆ, ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ.

ಅಂದಿನಿಂದ ಅವರು ನನ್ನ ಮನೆಗೆ ಬಂದ ನೆಂಟರು. ಎಂದೂ ತಟ್ಟೆ ಎತ್ತದವರು ತಟ್ಟೆ ತೊಳೆದು ಬೋರಲು ಹಾಕಿದರು. ಟವೆಲ್ ಮಡಚಿಟ್ಟರು. ನಾನು ನೀರು ತಂದರೆ ಎದ್ದು ನಿಂತು ತೆಗೆದುಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಹಿತವಾಗುತ್ತಿತ್ತು. ಎಲ್ಲ ಮನೆಗಳಲ್ಲೂ ಇವರು ಹೀಗೇ ಇದ್ದರು ತಾನೇ ಅಂತ ನೆನೆದು, ಆ ಮನೆಗಳ ಹೆಂಗಸರ ಮೇಲೆಲ್ಲ ಹೊಟ್ಟೆಕಿಚ್ಚೂ ಆಗುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ. ಕಣ್ಣು ಮುಚ್ಚುವ ಮೊದಲು ಒಂದು ಸಲ, ಒಂದೇ ಒಂದು ಸಲ, ಇವಳು ನನ್ನವಳು ಅಂತ ಅವರು ನನ್ನ ಗುರುತು ಹಿಡಿಯಬೇಕು. ಮದುವೆಯ ಮೊಳಕಾಲ್ಮೂರು ಸೀರೆ ತೆಗೆದು ಉಟ್ಟುಕೊಂಡು ಎದುರಿಗೆ ನಿಂತೆ. “ಎಲ್ಲಿಗೋ ಹೊಂಟೀರಿ, ನಾನು ಬಂದು ಅಡ್ಡಿ ಆತು” ಅಂತ ಪೇಚಾಡಿಕೊಂಡರು.

ಸಂಜೆಯಾದರೆ ಅವರಿಗೆ ಮನೆಯ ಚಿಂತೆ ಹತ್ತುತ್ತಿತ್ತು. “ಹೊತ್ತಾತು, ಬರ್ತೀನಿ ತಾಯೀ” ಅಂತ ಎದ್ದುಬಿಡುತ್ತಿದ್ದರು. ನಾನು ಬಿಸಿಲು ಇಳೀಲಿ ಅನ್ನುತ್ತಿದ್ದೆ, ಚಾ ಕುಡಿದು ಹೋಗ್ರಿ ಅನ್ನುತ್ತಿದ್ದೆ. ಯಾವುದಕ್ಕೂ ಜಗ್ಗದಿದ್ದರೆ ಹಿತ್ತಲ ಗೋಡೆಯ ಹತ್ತಿರ ಹೋಗಿ ಗ್ಯಾರೇಜಿನ ಸಾಬರನ್ನು ಕೂಗುತ್ತಿದ್ದೆ. ಆ ಪುಣ್ಯಾತ್ಮ ಕೈ ಒರೆಸಿಕೊಂಡು ಬಂದು ಹೊಸ್ತಿಲಲ್ಲಿ ನಿಂತು, “ಪಾದ್ರಿ ಸಾಬ್, ನಿಮ್ಮ ಗಾಡೀದು ಕಾರ್ಬೋರೇಟರ್ ಬಿಚ್ಚಿ ಹಾಕಿದೀನಿ. ಇವತ್ತು ಆಗಾಕಿಲ್ಲ, ಕಲ್ ಪಕ್ಕಾ” ಅನ್ನುತ್ತಿದ್ದರು. ಗಾಡಿ ಯಾವತ್ತೋ ಗುಜರಿಗೆ ಹೋಗಿತ್ತು. ಇವರು ಹಾಗಾದರೆ ಸರಿ ಅಂತ ಕೂತುಕೊಳ್ಳುತ್ತಿದ್ದರು, ಮಂಕಾಗಿ ಬೀದಿ ನೋಡುತ್ತ.

ಆಷಾಢದ ಗಾಳಿಯಲ್ಲಿ, ಒಂದು ಬೆಳಿಗ್ಗೆ, ಅರ್ಧ ಲೋಟ ಕಾಫಿ ಕುಡಿದು ಅವರು ಹೋದರು. ಗಡಿಯ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಮಣ್ಣು ಕೊಡುವಾಗ ಇತ್ತ ಕನ್ನಡದ ಹಾಡು, ಅತ್ತ ತೆಲುಗಿನ ಹಾಡು, ಒಂದಕ್ಕೊಂದು ತಾಳ ಕೂಡಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ. ಗ್ಯಾರೇಜಿನ ಸಾಬರು ಶಟರ್ ಎಳೆದು ಬಂದು, ಮೂರು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ನಿಂತರು. ತಳಕಿನ ಕಡೆಯ ಒಬ್ಬ ಹೆಂಗಸು ನನ್ನನ್ನು ತಬ್ಬಿಕೊಂಡು, “ಕೊನಿಗಾದ್ರೂ ಅಯ್ನೋರು ನಿಮ್ಮ ಗುರ್ತು ಹಿಡಿದ್ರಾ ಅಮ್ನೋರೇ?” ಅಂದಳು. ನಾನು ಹೂಂ ಅಂದೆ. ಹಾಗೆ ಯಾಕೆ ಅಂದೆ ಅನ್ನುವುದಕ್ಕೆ ಹಿಂದಿನ ದಿನದ ಸಂಜೆಯನ್ನು ಹೇಳಬೇಕು.

ಆ ಸಂಜೆ ಅವರಿಗೆ ಮಂಚದಿಂದ ಏಳಲು ಆಗುತ್ತಿರಲಿಲ್ಲ. ಆದರೂ “ಹೊತ್ತಾತು ತಾಯೀ” ಅಂದರು. ನನಗೆ ಸಾಬರನ್ನು ಕೂಗುವ ಮನಸ್ಸಾಗಲಿಲ್ಲ.

“ಅಂಥಾ ಅವಸರ ಏನೈತೆ ಅಯ್ನೋರೇ? ಮನೇಲಿ ಯಾರದಾರೆ?” ಅಂದೆ.

“ನಮ್ಮನೆಯವಳು ಅದಾಳಲ್ಲ” ಅಂದರು. ಮುಖದಲ್ಲಿ ನಗು ಬಂತು. “ಬಾಯಿ ಭಾಳ ಜೋರು. ನಾನು ಓಣಿ ತಿರುವಿನಾಗೇ ಗಾಡಿ ಆಫ್ ಮಾಡಿ ತಳ್ಕೊಂಡು ಬರ್ತೀನಿ. ಒಳಗೆ ಒಬ್ಬಳೇ ನನ್ನ ಬೈಕೊಂತ ಇರ್ತಾಳೆ. ಬಾಗಿಲ ಹೊರಗೆ ನಿಂತು ಒಂದೀಟು ಹೊತ್ತು ಅದನ್ನ ಕೇಳಿ, ಆಮ್ಯಾಲೆ ಒಳಗೆ ಹೋಗ್ತೀನಿ. ಅದು ಕೇಳಿದ್ರೇ ನಂಗೆ ದಣಿವು ಆರಾದು.”

ಪೆಟ್ರೋಲ್ ಉಳಿಸಲಿಕ್ಕೆ ತಳ್ಳಿಕೊಂಡು ಬರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೂ ಬೈದಿದ್ದೆ.

ಅದು ನಾನೇ ಕಣ್ರೀ ಅನ್ನುವ ಮಾತು ತುದಿನಾಲಿಗೆಗೆ ಬಂತು. ಆದರೆ ಅವರ ಕಣ್ಣಾಗಲೇ ಬಾಗಿಲಲ್ಲಿತ್ತು. ಅಷ್ಟು ಆಸೆಯಿಂದ ಅವಳ ಹತ್ತಿರ ಹೊರಟವರನ್ನು ಹಿಡಿದು ನಿಲ್ಲಿಸಲು ನನಗೆ ಬಾಯಿ ಬರಲಿಲ್ಲ.

“ಗಾಡಿ ರೆಡಿ ಆಗೈತೆ ಅಯ್ನೋರೇ. ಹೋಗಿ ಬರ್ರಿ, ಅವ್ರು ಕಾಯ್ತಿರ್ತಾರೆ” ಅಂದೆ.

ಪಾದ್ರಿಗಳು ಉಂಡ ಮನೆಯಿಂದ ಪ್ರಾರ್ಥನೆ ಮಾಡದೆ ಹೊರಡುವುದಿಲ್ಲ. ಅವರು ಕಣ್ಣು ಮುಚ್ಚಿದರು. ಕೈ ಎತ್ತಲು ನೋಡಿದರು, ಆಗಲಿಲ್ಲ. ನಾನೇ ತಲೆ ಬಗ್ಗಿಸಿ ಅವರ ಕೈಯ ಕೆಳಗೆ ಇಟ್ಟೆ.

“ತಂದೆಯೇ, ಈ ತಾಯಿ ಕೈಯಾಗಿನ ಅನ್ನ ಉಂಡೀನಿ. ಇವ್ರು ಯಾವಾಗ್ಲೂ ಯಾರಿಗೋ ಕಾಯ್ಕೊಂತ ಇರ್ತಾರೆ, ಕೇಳಾಕೆ ನಂಗೆ ಸಂಕೋಚ. ಇವ್ರ ಯಜಮಾನ್ರು ಯಾವ ಊರಾಗೆ ಉಳಿದಾರೋ ನಿಂಗೆ ಗೊತ್ತೈತೆ. ಅವ್ರನ್ನ ಲಗೂನ ಮನೆ ಮುಟ್ಸಪ್ಪಾ.”

ಅಷ್ಟು ಹೇಳಿ ಅವರು ಸುಮ್ಮನೆ ಕಾದರು. ಪ್ರಾರ್ಥನೆ ಮುಗಿದ ಮೇಲೆ ಮನೆಯವರು ಯಾರಾದರೂ ಆಮೆನ್ ಅನ್ನಬೇಕು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಆಮೆನ್ ಅಂದೆ.