ಚರಗ ಚೆಲ್ಲಲು ಒಂದು ಚೀಲ ಮಣ್ಣು

ಕೃಷ್ಣಾಬಾಯಿಯವರಿಗೆ ಸಿಟ್ಟು ಬಂದದ್ದು ಕೆಳಗಿನ ಮನೆಯ ನನಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಮೇಲಿನಿಂದ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತದೆ, ಅಷ್ಟೇ. ಆ ಸದ್ದು ಕೇಳಿದೊಡನೆ ನಾನು ನನ್ನ ಕಸದ ಬುಟ್ಟಿಗಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ. ಹಸಿ ಕಸದಲ್ಲಿ ಪ್ಲಾಸ್ಟಿಕ್ ಏನಾದರೂ ಬಿದ್ದಿದೆಯೇ ಎಂದು. ಬಿದ್ದಿದ್ದರೆ ನನ್ನ ಕಥೆ ಮುಗಿಯಿತು.

ಅವರು ಸಿಂದಗಿ ಕಡೆಯವರು. ಗಂಡ ಬಂಡೆಪ್ಪನವರು ತೆಲುಗು ಸೀಮೆಯ ಈ ದೊಡ್ಡ ಊರಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಹೆಂಡತಿ ಇಬ್ಬರ ಪಾಲಿನದನ್ನೂ ಆಡುತ್ತಾರೆ. ಕ್ವಾರ್ಟರ್ಸ್ ಬಿಟ್ಟು ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವರ್ಷ ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಮೇಲಿನಿಂದ ಆ ಸದ್ದು ಕೇಳಿಸಿತು. ಏನಾಯಿತೋ ಎಂದು ಓಡಿದೆ. ಸಜ್ಜೆ ರೊಟ್ಟಿ, ಕಾಳು ತರಕಾರಿಯ ಭಜ್ಜಿ, ಶೇಂಗಾ ಹೋಳಿಗೆ, ಕಡುಬು, ಎಲ್ಲ ಮಾಡಿಟ್ಟುಕೊಂಡು ಆಕೆ ನೆಲದ ಮೇಲೆ ಕೂತು ಅಳುತ್ತಿದ್ದರು. ಅದೂ ಸಿಟ್ಟಿನ ಅಳುವೇ.

"ಚರಗಾ ಎಲ್ಲಿ ಚೆಲ್ಲಬೇಕವಾ ವಿಶಾಲಾಕ್ಷಿ? ಊರಾಗಿನ ಹೊಲ ನಮ್ಮ ಮೈದುನ ಪ್ಲಾಟ್ ಮಾಡಿ ಮಾರ್ಯಾನ. ಇಲ್ಲಿ ನೋಡಿದ್ರ ಎಲ್ಲಾ ಟೈಲ್ಸು. ಟೈಲ್ಸಿಗೆ ಉಣಸ್ಲ್ಯಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ, 'ಹುಲ್ಲುಲ್ಲಿಗ್ಯೋ' ಎಂದು ಕೂಗುತ್ತ ಬೆಳೆಯ ಮೇಲೆ ಎರಚುವುದೇ ಚರಗ. ವರ್ಷವಿಡೀ ನಮಗೆ ಉಣಿಸಿದ ನೆಲಕ್ಕೆ ಆ ದಿನ ನಾವು ಉಣಿಸುವುದು. ಆಮೇಲೆ ಎಲ್ಲರೂ ಕೂತು ಊಟ. ಆ ಹೊತ್ತಿನಲ್ಲಿ ಹೊಲದಲ್ಲಿ ಯಾರೇ ನಿಂತಿರಲಿ, ದಾರಿಹೋಕನೋ ಕಳ್ಳನೋ ಬದುವಿನ ಜಗಳದವನೋ, ಅವನನ್ನು ಕರೆದು ಉಣಿಸಲೇಬೇಕು. ಉಪವಾಸ ಕಳಿಸಿದರೆ ಭೂಮಿತಾಯಿ ಮುನಿಯುತ್ತಾಳೆ ಎನ್ನುತ್ತಾರೆ.

ಅಂದು ಮಧ್ಯಾಹ್ನ ಬಂಡೆಪ್ಪನವರು ಮೆಲ್ಲಗೆ ಹೇಳಿದರು: "ಮಣ್ಣ ಇಲ್ಲಂದ್ರ ಮಾಡ್ಕೊಂಡ್ರಾತು. ಮೆಹದಿಪಟ್ಟಣದಾಗ ಕ್ಲಾಸ್ ನಡೀತಾವಂತ, ಪೇಪರ್‌ನ್ಯಾಗ ಬಂದೈತಿ."

ಹೀಗೆ ಅರವತ್ತರ ಹತ್ತಿರದ ಹೆಂಗಸು ಭಾನುವಾರಗಳಂದು ಬಸ್ಸು ಹತ್ತಿ, ಊರಿನ ಆ ತುದಿಗೆ ತಾರಸಿ ತೋಟದ ಪಾಠಕ್ಕೆ ಹೋಗತೊಡಗಿದರು. ರೈತರ ಮನೆಯ ಸೊಸೆಯಾದರೂ ಆಕೆ ಹುಟ್ಟಿದ್ದು ಬಟ್ಟೆ ಅಂಗಡಿಯವರ ಮನೆಯಲ್ಲಿ. ಸಸಿ ನೆಡಲು ಬರುತ್ತಿರಲಿಲ್ಲ. ಮೊದಲ ಟೊಮೇಟೊ ಗಿಡಗಳನ್ನು ಪ್ರೀತಿಯಿಂದ ನೀರು ಹೊಯ್ದು ಹೊಯ್ದೇ ಕೊಳೆಸಿದರು. ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ತಾರಸಿಯಲ್ಲಿಟ್ಟ ಡ್ರಮ್ಮಿನ ಕಥೆ ಇನ್ನೂ ಚಂದ. ಅನ್ನ ಚೆಲ್ಲಬಾರದು ಎಂದು ಬೆಳೆದ ಜೀವ, ಉಳಿದ ಎಣ್ಣೆಗಾಯಿ, ಝುಣಕ, ಹುಳಿ ಮಜ್ಜಿಗೆ ಎಲ್ಲವನ್ನೂ ಅದರಲ್ಲಿ ಸುರಿದರು. ಎಣ್ಣೆ, ಮಜ್ಜಿಗೆ ಕಂಡರೆ ಗೊಬ್ಬರ ನಾರದೆ ಇರುತ್ತದೆಯೇ? ನಾಲ್ಕನೇ ಮಹಡಿಯಿಂದ ಪಾರ್ಕಿಂಗಿನವರೆಗೆ ದುರ್ನಾತ, ಮೇಲೆ ಹುಳ. ಅಪಾರ್ಟ್‌ಮೆಂಟೇ ಮೂಗು ಹಿಡಿದುಕೊಂಡಿತು.

ಪಾಠ ಹೇಳುತ್ತಿದ್ದ ಶ್ರೀವಿದ್ಯಾ ಎಂಬ ಹುಡುಗಿ ಬೈದಳಂತೆ. ಸಿಪ್ಪೆ ಒಂದು ಪದರ ಹಾಕಿದರೆ ಮೇಲೆ ಒಣ ಎಲೆ ಒಂದು ಪದರ ಹಾಕಲೇಬೇಕು, ಎಣ್ಣೆ ಪದಾರ್ಥ ಬೇಡವೇ ಬೇಡ ಎಂದು. ಕೃಷ್ಣಾಬಾಯಿ ಬೈಸಿಕೊಂಡು ಬಂದು ಬೀದಿಗಿಳಿದರು. ಯಾರೋ ರಸ್ತೆ ಬದಿ ಬೇವಿನೆಲೆ ಗುಡ್ಡೆ ಮಾಡಿ ಬೆಂಕಿ ಹಚ್ಚುತ್ತಿದ್ದರೆ ಸಾಕು, ತಮ್ಮ ಸಿಂದಗಿಯ ಹಿಂದಿಯಲ್ಲಿ ಜಗಳ: "ಅರೇ, ಜಲಾತೇ ಕಾಯ್ಕೂ ಜೀ? ಮೇರೇಕು ದೇವ್!" ಸುಡುವುದು ಯಾಕೆ, ನನಗೆ ಕೊಡಿ ಎಂದು. ಗೋಣಿಚೀಲದ ತುಂಬ ಎಲೆ ಹೊತ್ತು ಲಿಫ್ಟಿನಲ್ಲಿ ಬರುವ ಆಕೆಯನ್ನು ಕಂಡು ನಕ್ಕವರೇ ಹೆಚ್ಚು. ನಗಲಿ ಬಿಡಿ, ಹಲ್ಲಿದ್ದವರು ನಗುತ್ತಾರೆ.

ಆಮೇಲೆ ಮನೆಮನೆಯ ಸಿಪ್ಪೆ ಕೇಳಲು ಬಂದರು. ಬಾಗಿಲಿಗೊಂದು ಬಕೆಟ್ ಕೊಟ್ಟರು. ಅದರಲ್ಲಿ ಬ್ಲೇಡೋ ಡೈಪರೋ ಸಿಕ್ಕರೆ ಬಕೆಟ್ ಸಮೇತ ವಾಪಸ್ ಬಂದು, ಗಂಟೆ ಒತ್ತಿ, ಮನೆಯವರ ಕೈಯಿಂದಲೇ ತೆಗೆಸುತ್ತಿದ್ದರು. ಬೈಗುಳಕ್ಕೆ ಅಂಜಿ ಇಡೀ ಅಪಾರ್ಟ್‌ಮೆಂಟು ಹಸಿ ಕಸ, ಒಣ ಕಸ ಬೇರೆ ಮಾಡಲು ಕಲಿಯಿತು. ವರ್ಷ ಕಳೆಯುವಷ್ಟರಲ್ಲಿ ಆ ಡ್ರಮ್ಮುಗಳಲ್ಲಿ ಕಪ್ಪು ಮಣ್ಣು, ಮಳೆ ಬಿದ್ದ ಹೊಲದ ವಾಸನೆ. ತಾರಸಿಯ ಮೇಲೆ ಮೆಂತ್ಯ, ಹಕ್ಕರಿಕೆ, ಪುಂಡಿಪಲ್ಯದ ಸೊಪ್ಪು, ಮುಳಗಾಯಿ ಎಂದರೆ ಬದನೆ. ಎಳ್ಳಮಾವಾಸ್ಯೆಗೆ ಅಲ್ಲೇ ಚರಗ ಚೆಲ್ಲಿ, ಅಲ್ಲೇ ಕೂತು ಉಂಡೆವು. ಅಂದು ಕೃಷ್ಣಾಬಾಯಿ ಯಾರಿಗೂ ಬೈಯಲಿಲ್ಲ. ಇದೇ ಹೊಲ ಅವರಿಗೆ. ಬೇರೆ ಇಲ್ಲ.

ಈಗ ರವಿಕಿರಣನ ವಿಷಯಕ್ಕೆ ಬರುತ್ತೇನೆ. ಅವನ ಹೆಸರು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ರಾಯಚೂರಿನ ಕಡೆಯ ಹುಡುಗ, ಅಸೋಸಿಯೇಷನ್ನಿನ ಕಾರ್ಯದರ್ಶಿ, ನಯವಾದ ಮಾತು. ತಾರಸಿಗೆ ಸೋಲಾರ್ ಹಾಕಿಸೋಣ, ಲಿಫ್ಟು, ಮೋಟರು, ಮೆಟ್ಟಿಲ ದೀಪ ಎಲ್ಲ ಬಿಸಿಲಿನಲ್ಲೇ ನಡೆಯುತ್ತದೆ ಎಂದ. ಒಳ್ಳೆಯ ಮಾತೇ. ಬ್ಯಾಂಕಿನವರು ಅದಕ್ಕೆ ಹಸಿರು ಸಾಲ ಕೊಡುತ್ತಾರೆ, ಕಟ್ಟಡದಲ್ಲಿ ತೋಟವಿದ್ದು ಕಸದಿಂದ ಗೊಬ್ಬರ ಮಾಡುತ್ತಿದ್ದರೆ ಬಡ್ಡಿ ಇನ್ನೂ ಇಳಿಸುತ್ತಾರೆ ಎಂದ.

"ಸಾಲಕ್ಕೂ ಹಸರು ಬಣ್ಣ ಬಳದಾರೇನ್ರಿ?" ಎಂದು ಕೃಷ್ಣಾಬಾಯಿ ಗಂಡನನ್ನು ಕೇಳಿದರು. ಬಂಡೆಪ್ಪನವರು ಕೂತು ತಿಳಿಸಿ ಹೇಳಿದರು: ಗಾಳಿ ನೀರು ಕೆಡಿಸದ ಕೆಲಸಕ್ಕೆ ಮಾತ್ರ ಕೊಡುವ ಸಾಲ, ಅದಕ್ಕೇ ಆ ಹೆಸರು. ಆಕೆಗೆ ಖುಷಿಯಾಯಿತು. ತಮ್ಮ ಮೆಂತ್ಯದಿಂದ ಇಡೀ ಅಪಾರ್ಟ್‌ಮೆಂಟಿಗೆ ಬಡ್ಡಿ ಇಳಿಯುವುದೆಂದರೆ ಸಣ್ಣ ಮಾತೇ? ಬ್ಯಾಂಕಿನ ಮಹೇಶಕುಮಾರ ಎಂಬ ಅಧಿಕಾರಿ ನೋಡಲು ಬಂದ ದಿನ ಅವನಿಗೂ ರವಿಕಿರಣನಿಗೂ ಬಿಸಿ ರೊಟ್ಟಿ, ಹಸಿ ಹಕ್ಕರಿಕೆ, ಶೇಂಗಾ ಚಟ್ನಿ ಬಡಿಸಿದರು. ಮುಳಗಾಯಿ ಬುಟ್ಟಿ ಹಿಡಿದು ಫೋಟೋಕ್ಕೂ ನಿಂತರು. ಸಾಲ ಮಂಜೂರಾಯಿತು. 'ನಮ್ಮದು ಹಸಿರು ಅಪಾರ್ಟ್‌ಮೆಂಟ್' ಎಂದು ಗೇಟಿಗೆ ಫ್ಲೆಕ್ಸ್ ಬಿತ್ತು. ಅದರಲ್ಲಿ ಕೃಷ್ಣಾಬಾಯಿಯದೇ ದೊಡ್ಡ ಫೋಟೋ.

ಆ ಫ್ಲೆಕ್ಸಿನ ಬಣ್ಣ ಮಾಸುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ರವಿಕಿರಣನ ನೋಟಿಸು ಬಂತು. ಸೋಲಾರ್ ಹಲಗೆಗಳಿಗೆ ತಾರಸಿ ಪೂರ್ತಿ ಬೇಕು, ಕುಂಡಗಳನ್ನು ತೆಗೆಯತಕ್ಕದ್ದು, ತೆಗೆಯದಿದ್ದರೆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕೊಳಚೆ ನಾಲೆಗೆ ಹಾಕಿಸಲಾಗುವುದು. ಟ್ರ್ಯಾಕ್ಟರ್ ಬರುವ ದಿನ ಯಾವುದು ಗೊತ್ತೇ? ಎಳ್ಳಮಾವಾಸ್ಯೆ! ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ನೋಟಿಸು ಬಂದ ದಿನ ಮೇಲಿನ ರೊಟ್ಟಿಯ ಸದ್ದಿಗೆ ನನ್ನ ಅಡುಗೆಮನೆಯ ಡಬ್ಬಿಗಳು ಅದುರಿದವು, ಸುಳ್ಳಲ್ಲ.

ಪಾರ್ಕಿಂಗಿನಲ್ಲಿ ಮೀಟಿಂಗು ಸೇರಿತು. ಕೃಷ್ಣಾಬಾಯಿ ಕೂಗಾಡಲು ಬಂದಿರಲಿಲ್ಲ, ಹೇಳಲು ಬಂದಿದ್ದರು.

"ನಾ ಸೋಲಾರ್ ಬ್ಯಾಡ ಅನ್ನಾಕತ್ತಿಲ್ಲ. ಬಿಸಿಲು ಇಬ್ಬರಿಗೂ ಸಾಲೂವಷ್ಟು ಐತಿ. ಕಂಬ ಆಳೆತ್ತರ ಮಾಡಸ್ರಿ. ಮ್ಯಾಲ ನಿಮ್ಮ ಹಲಗಿ, ಕೆಳಗ ನೆಳ್ಳಾಗ ನನ್ನ ಸೊಪ್ಪು. ಕ್ಲಾಸಿನ್ಯಾಗ ಹೇಳಿಕೊಟ್ಟಾರ, ಸೊಪ್ಪಿಗೆ ನೆಳ್ಳು ಛೊಲೋ."

"ಆಂಟಿ, ಎತ್ತರದ ಸ್ಟ್ಯಾಂಡ್ ಬಜೆಟ್‌ನ್ಯಾಗ ಇಲ್ರಿ," ಎಂದ ರವಿಕಿರಣ, ನಗುತ್ತಲೇ. "ಮತ್ತ ಬ್ಯಾಂಕಿನವರಿಗೆ ತೋಟಾ ತೋರ್ಸೂದು ಇತ್ತಲ್ರಿ, ಅದು ಮುಗೀತು."

"ಮುಗೀತಾ?" ಎಂದೆ ನಾನು. ತಡೆಯಲಾಗಲಿಲ್ಲ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗೇನಂತ? ಗೇಟಿಗೆ ಅವರ ಮಾರಿ ತೂಗುಹಾಕಿ, ಅವರ ಮಣ್ಣ ನಾಲಾಕ್ಕ ಚೆಲ್ತೀರಾ? ನಾಚಿಕಿ ಆಗೂದಿಲ್ಲೇನು?"

ಕೈ ಎತ್ತಲು ಹೇಳಿದರು. ನಮ್ಮ ಕಡೆ ಎದ್ದದ್ದು ನನ್ನದು, ಬಂಡೆಪ್ಪನವರದು, ಆಕೆಯದು. ತಿಂಗಳುಗಟ್ಟಲೆ ಆಕೆಯ ಪುಂಡಿಪಲ್ಯ ತಿಂದ ಕೈಗಳೆಲ್ಲ ಮಡಿಲಲ್ಲೇ ಉಳಿದವು. ಆ ಕೈಗಳಿಗೆ ಏನು ಹೇಳಬೇಕೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ರೊಟ್ಟಿಯ ಸದ್ದೇ ಕೇಳಲಿಲ್ಲ. ಹೆದರಿ ಮೇಲೆ ಹೋದೆ. ಅಡುಗೆ ಆಗಲೇ ಮುಗಿದಿತ್ತು. ಗಂಡ ಹೆಂಡತಿ ತಾರಸಿಯಲ್ಲಿ ಸೀರೆ, ಪ್ಯಾಂಟು ಮೇಲೆ ಕಟ್ಟಿಕೊಂಡು ಮಣ್ಣನ್ನು ಅಕ್ಕಿಚೀಲಗಳಿಗೆ ತುಂಬುತ್ತಿದ್ದರು. ಮುಳಗಾಯಿ ಗಿಡಗಳನ್ನು ಬೇರುಸಮೇತ ಕಿತ್ತು ಒಂದು ಬದಿಗೆ ಇಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬಂತು.

"ಅಳಬ್ಯಾಡ, ಚೀಲ ಹಿಡಿ," ಎಂದರು ಕೃಷ್ಣಾಬಾಯಿ. "ಈ ಮಣ್ಣ ಯಾರ್ದು? ಅವರವರ ಮನಿ ಸಿಪ್ಪೀದು. ನಾಲಾಕ್ಕ ಯಾಕ ಹೋಗಬೇಕು? ಅವರವರ ಬಾಗಲಿಗೇ ಹೋಗಲಿ!"

ನಮ್ಮದು ಹಳೆಯ ನಮೂನೆಯ ಕಟ್ಟಡ. ಬಾಗಿಲುಗಳ ಮುಂದೆ ಗ್ರಿಲ್ ಹಾಕಿದ ತೆರೆದ ಪಡಸಾಲೆ, ಬಿಸಿಲು ಬರುತ್ತದೆ. ಮೂವರೂ ಮಹಡಿಯಿಂದ ಮಹಡಿಗೆ ಚೀಲ ಎಳೆದೆವು. ಬಾಗಿಲಿಗೊಂದು ಚೀಲ. ಬಾಯಿ ಬಿಚ್ಚಿಟ್ಟು, ಅದರ ಮೇಲೆ ಚರಗ ಚೆಲ್ಲಿ, ಕೃಷ್ಣಾಬಾಯಿ ಎದೆಯೊಡೆಯುವಂತೆ 'ಹುಲ್ಲುಲ್ಲಿಗ್ಯೋ' ಎಂದು ಕೂಗುತ್ತಿದ್ದರು. ಹೊಲದಲ್ಲಿ ಅದು ಸಂತೋಷದ ಕೂಗು. ಅಂದು ನನಗೆ ಅದು ಶಾಪದ ಹಾಗೆ ಕೇಳಿಸಿತು. ಬಾಗಿಲುಗಳು ತೆರೆದವು. ತೆಲುಗಿನಲ್ಲಿ, ಹಿಂದಿಯಲ್ಲಿ ಬೈದರು. "ನಿಮ್ಮ ಸಿಪ್ಪಿ ನೀವ ಇಟ್ಕೋರಿ!" ಎಂದು ಆಕೆ ಕನ್ನಡದಲ್ಲೇ ಉತ್ತರ ಕೊಟ್ಟರು. ಭಾಷೆ ಗೊತ್ತಿಲ್ಲದವರಿಗೂ ಅರ್ಥವಾಯಿತು. ರವಿಕಿರಣನ ಬಾಗಿಲು ಮುಚ್ಚಿತ್ತು. ಅವನಿಗೆ ಎಲ್ಲರಿಗಿಂತ ದೊಡ್ಡ ಚೀಲ. ಟ್ರ್ಯಾಕ್ಟರ್ ಬಂದಾಗ ತಾರಸಿಯಲ್ಲಿ ಒಂದು ಹಿಡಿ ಮಣ್ಣೂ ಇರಲಿಲ್ಲ, ಅದು ಖಾಲಿಯೇ ಮರಳಿತು.

ಹಲಗೆಗಳು ಬಂದವು. ಲಿಫ್ಟು ಬಿಸಿಲಿನಲ್ಲಿ ಓಡತೊಡಗಿತು. ಚೀಲಗಳು ಇದ್ದಲ್ಲೇ ಇದ್ದವು. ಅದು ಪಶ್ಚಾತ್ತಾಪವಲ್ಲ, ಶುದ್ಧ ಸೋಮಾರಿತನ. ಅಷ್ಟು ಭಾರ ಹೊತ್ತು ಕೆಳಗೆ ಒಯ್ಯುವವರಾರು? ಚಪ್ಪಲಿ ಬಿಡುವಾಗ ಒದ್ದು ಬದಿಗೆ ಸರಿಸಿದರು, ಅಷ್ಟೇ. ಆದರೆ ಸಿಪ್ಪೆಯಿಂದಾದ ಮಣ್ಣಿನಲ್ಲಿ ಬೀಜ ಇದ್ದೇ ಇರುತ್ತದೆ. ಬೇಸಿಗೆಯ ಹೊತ್ತಿಗೆ ಒಂದು ಬಾಗಿಲಿಗೆ ಟೊಮೇಟೊ ಎದ್ದಿತು, ಇನ್ನೊಂದಕ್ಕೆ ಕುಂಬಳ. ನನ್ನ ಬಾಗಿಲಿಗೆ ಹಾಗಲ. ರವಿಕಿರಣನ ಚೀಲದಲ್ಲಿ ಹೀರೆಬಳ್ಳಿ ಎದ್ದು ಗ್ರಿಲ್ಲಿಗೆ ಸುತ್ತಿಕೊಂಡಿತು. ತಾನಾಗಿ ಹುಟ್ಟಿದ್ದನ್ನು ಕೀಳಲು ಯಾರಿಗೂ ಕೈ ಬರಲಿಲ್ಲ.

ಕೃಷ್ಣಾಬಾಯಿಗೆ ಸಮಾಧಾನವಾಯಿತೇ? ಎಲ್ಲಿಯದು! ಬೈಯಲು ಈಗ ಎಲ್ಲಾ ಮಹಡಿಗಳೂ ಸಿಕ್ಕವು. ದಿನ ಬೆಳಗಾದರೆ ಒಂದು ಸುತ್ತು. "ಏ ತಾಯಿ, ಕುಂಬಳ ಬಾಡಾಕತ್ತೈತಿ, ನಿನ್ನ ಕಣ್ಣಿಗೇನಾಗೇತಿ? ಒಂದು ತಂಬಗಿ ನೀರಿಗೂ ಬಡತನಾ?" ತಾರಸಿಗೆ ಮಾತ್ರ ಮತ್ತೆ ಹತ್ತಲಿಲ್ಲ. ರವಿಕಿರಣನ ಬಾಗಿಲಲ್ಲಿ ನಿಂತು ಬಳ್ಳಿಗೆ ತಾವೇ ನೀರು ಹಾಕುತ್ತಿದ್ದರು, ಅವನೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಬೈಯುವ ಆಕೆ ಬೈಯದೆ ಹೋಗುವುದು ಎಂಥ ಶಿಕ್ಷೆ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಮುಂದಿನ ಎಳ್ಳಮಾವಾಸ್ಯೆ ಬಂತು. ಆಕೆ ಬುತ್ತಿ ಕಟ್ಟಿದರು. ಬಾಗಿಲಿನಿಂದ ಬಾಗಿಲಿಗೆ ಚರಗ ಚೆಲ್ಲುತ್ತ, ಮನೆಯವರನ್ನು ಕರೆದು ಉಣಿಸುತ್ತ ನಾವು ಇಳಿದು ಬಂದೆವು. ರವಿಕಿರಣನ ಬಾಗಿಲ ಮುಂದೆ ಕೃಷ್ಣಾಬಾಯಿ ನಿಂತುಬಿಟ್ಟರು. ಅವನು ಹೀರೆಬಳ್ಳಿಯ ಪಕ್ಕದಲ್ಲೇ ನಿಂತಿದ್ದ. ಎಲ್ಲ ಮಹಡಿಗಳ ಕೂಗು ಕೇಳಿಸಿಕೊಂಡೇ ಹೊರಗೆ ಬಂದು ಕಾಯುತ್ತಿದ್ದ ಎಂದು ಕಾಣುತ್ತದೆ.

ಆಕೆಯ ಮುಖ ಕೆಂಪಾಯಿತು. ಬುತ್ತಿಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡರು. ತಿರುಗಿ ಹೋಗಿಬಿಡುತ್ತಾರೆ ಎಂದುಕೊಂಡೆ, ಹೋಗಲಿ ಎಂದೂ ಅಂದುಕೊಂಡೆ. ಆದರೆ ಬಳ್ಳಿಯ ಮೇಲೆ ಚರಗ ಚೆಲ್ಲಿದರು, 'ಹುಲ್ಲುಲ್ಲಿಗ್ಯೋ' ಎಂದರು. ಆಮೇಲೆ ಬುಟ್ಟಿಯನ್ನು ದಡ್ಡೆಂದು ಕೆಳಗಿಟ್ಟರು.

"ಕೂಡು. ಹೊಲದಾಗ ನಿಂತೀ, ಉಪವಾಸ ಕಳಸಾಕ ಬರೂದಿಲ್ಲ. ಆದ್ರ ಕೇಳು, ನನ್ನ ಸಿಟ್ಟು ಹೋಗಿಲ್ಲ. ಹೋಗೂದೂ ಇಲ್ಲ."

"ಗೊತ್ರಿ ಆಂಟಿ," ಎಂದು ಅವನು ನೆಲದ ಮೇಲೆ ಕೂತ. ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ, ಒಂದು ಬಾಳೆಹಣ್ಣು. ತಲೆ ಎತ್ತದೆ ಉಂಡ. ಅವನ ಕಣ್ಣಲ್ಲಿ ನೀರಿತ್ತು. ಅದು ಭಜ್ಜಿಯ ಖಾರವೋ ಮತ್ತೇನೋ, ನಾನು ಕೇಳಲಿಲ್ಲ.

ಉಂಡಾದ ಮೇಲೆ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ಅತ್ತ ಇತ್ತ ನೋಡಿದ. ಮೆಲ್ಲಗೆ ಎದ್ದು ಬಳ್ಳಿಯ ಬುಡದ ಮಣ್ಣು ಕೆದರಿ, ಸಿಪ್ಪೆ ಇಟ್ಟು, ಕೈ ಝಾಡಿಸಿಕೊಂಡು ಆಕೆಯ ಕಡೆ ನೋಡಿದ. ಕೃಷ್ಣಾಬಾಯಿ ಸೊಂಟದ ಮೇಲೆ ಕೈಯಿಟ್ಟರು. ಒಂದು ವರ್ಷದ ನಂತರ ಮೊದಲ ಬಾರಿಗೆ ಅವನ ಮೇಲೆ ದನಿ ಏರಿಸಿದರು:

"ಮ್ಯಾಲ ಒಣ ಎಲಿ ಯಾರು ಹಾಕ್ತಾರೋ? ನಿಮ್ಮ ಬ್ಯಾಂಕಿನವರಾ?"